ಕೊಯ್ದಷ್ಟೂ ಕೂಡಿಕೊಂಡ ಕನ್ನಡಿ

ಗರಗಸದಲ್ಲಿ ಕೊಯ್ದರೆ ಒಂದಿದ್ದದ್ದು ಎರಡಾಗಬೇಕು. ನನಗೆ ಗೊತ್ತಿದ್ದದ್ದು ಇಷ್ಟು. ಆವತ್ತು ಭಾನುವಾರ ಬೆಳಗ್ಗೆ ಇಪ್ಪತ್ತು ನಿಮಿಷ ಬೆವರು ಸುರಿಸಿ, ಬಂಗಾರದ ಬಣ್ಣದ ಅಕ್ರಿಲಿಕ್ ಕನ್ನಡಿಯಲ್ಲಿ ಒಂದು ಬಳ್ಳಿಯನ್ನು ಸುತ್ತಲೂ ಕೊಯ್ದೆ. ಮೆಶಿನ್ ಆಫ್ ಮಾಡಿ ಎತ್ತಿದರೆ ಬಳ್ಳಿ ಹಾಳೆ ಬಿಟ್ಟು ಬರಲೇ ಇಲ್ಲ. ಬ್ಲೇಡು ಹೋದ ಗೆರೆ ಕಾಣಿಸ್ತಿದೆ, ಆದರೆ ಅದು ಮುಂದೆ ಹೋದ ಹಾಗೆಲ್ಲ ಹಿಂದಿನ ದಾರಿ ಮತ್ತೆ ಬೆಸೆದುಕೊಂಡಿದೆ. ಬಗ್ಗಿಸಿ ಬಿಡಿಸೋಕೆ ಹೋದೆ. ಟಪ್ ಅಂತ ಅಡ್ಡಕ್ಕೆ ಸೀಳಿತು.

ಇದೆಲ್ಲ ಶುರುವಾದದ್ದು ಅಮ್ಮನಿಂದ. ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಹಿಂದೆ ಇಡೋ ಪ್ರಭಾವಳಿ ಥರ್ಮೋಕೋಲಿನದ್ದು. ಅದರ ಚಮಕಿ ಪ್ರತಿ ವರ್ಷ ಅಷ್ಟಷ್ಟು ಉದುರಿ, ಹೋದ ಸಲ ಲಕ್ಷ್ಮಿಯ ಸೀರೆ ಮೇಲೆಲ್ಲ ಅದೇ. "ಮುಂದಿನ ವರ್ಷಕ್ಕೆ ನಾನೇ ಮಾಡ್ಕೊಡ್ತೀನಿ" ಅಂದುಬಿಟ್ಟಿದ್ದೆ. ಅಮ್ಮ ಇಂಥದ್ದನ್ನೆಲ್ಲ ಮರೆಯೋದಿಲ್ಲ.

ಶಿವಮೊಗ್ಗಕ್ಕೆ ಹೋಗಿ ಲೇಸರ್ ಕಟಿಂಗ್‌ನವರ ಹತ್ತಿರ ಡಿಸೈನ್ ಫೈಲ್ ಕೊಟ್ಟಿದ್ದರೆ ಚಹಾ ಕುಡಿಯೋದರೊಳಗೆ ಕೆಲಸ ಮುಗಿಯುತ್ತಿತ್ತು. ನಿಮಗೆ ಬೇಕಾಗಿರೋದು ಬರೀ ಪ್ರಭಾವಳಿ ಆದರೆ ಅದನ್ನೇ ಮಾಡಿ. ನಾನು ದಿನಕ್ಕೆ ಒಂಬತ್ತು ಗಂಟೆ ಪರದೆ ಮೇಲೆ ಕೋಡ್ ಬರೆಯೋನು, ಕೈಗೆ ಸಿಗೋ ಒಂದು ವಸ್ತು ಮಾಡಬೇಕು ಅನ್ನೋ ಆಸೆ. ಅದಕ್ಕೇ ಆನ್‌ಲೈನಿನಲ್ಲಿ ಒಂದು ಸ್ಕ್ರಾಲ್ ಸಾ ತರಿಸಿದ್ದೆ. ನೋಡದವರಿಗೆ ಹೇಳೋದಾದರೆ, ಹೊಲಿಗೆ ಮೆಶಿನ್ ಇದ್ದ ಹಾಗೆ. ಸೂಜಿಯ ಜಾಗದಲ್ಲಿ ದಾರದಷ್ಟು ಸಪೂರ ಗರಗಸ ಮೇಲೆ ಕೆಳಗೆ ಓಡುತ್ತೆ, ನಾವು ಬಟ್ಟೆ ತಿರುಗಿಸಿದ ಹಾಗೆ ಹಾಳೆ ತಿರುಗಿಸಬೇಕು. ಬ್ಲೇಡಿನ ಒಂದು ತುದಿ ಬಿಚ್ಚಿ ತೂತಿನಲ್ಲಿ ಪೋಣಿಸಿದರೆ ಹಾಳೆಯ ಅಂಚು ಮುಟ್ಟದೆ ಒಳಗಿನ ಜಾಲರಿ ಕೊಯ್ಯಬಹುದು. ಸಾಗರ, ಸೊರಬದ ಗುಡಿಗಾರರು ಗಂಧದ ಮರದಲ್ಲಿ ಮಾಡೋ ಮಂಟಪಗಳಲ್ಲಿ ಬಳ್ಳಿ ಬಳ್ಳಿಯ ನಡುವೆ ಬೆಳಕು ತೂರಿ ಬರುತ್ತಲ್ಲ, ನನ್ನ ತಲೆಯಲ್ಲಿದ್ದದ್ದು ಅದು. ಆಸೆಗೇನು, ದೊಡ್ಡದೇ.

ಸುಟ್ಟ ವಾಸನೆಗೆ ಅಪ್ಪ ಹಿತ್ತಿಲ ಬಾಗಿಲಿಗೆ ಬಂದು ನಿಂತರು.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮೂರು ಭದ್ರಾವತಿಯ ಕಾಗದನಗರ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದ ಹುಟ್ಟಿದ ಊರು. ಅಪ್ಪ ಅದರ ವರ್ಕ್‌ಶಾಪಿನಲ್ಲಿ ಟರ್ನರ್, ಲೇತ್ ಮೆಶಿನ್ ಅವರದ್ದು. 2015ರಲ್ಲಿ ಉತ್ಪಾದನೆ ನಿಂತ ಮೇಲೆ, ಆಮೇಲೆ ಕೆಲಸವೂ ಮುಗಿದ ಮೇಲೆ, ಅಪ್ಪ ಮನೆಯಲ್ಲಿ ಒಂದು ಸ್ಪ್ಯಾನರ್ ಕೂಡ ಮುಟ್ಟಿದ್ದು ನಾನು ನೋಡಿಲ್ಲ. ನಲ್ಲಿ ಸೋರಿದರೆ ಪ್ಲಂಬರ್‌ಗೆ ಫೋನು. ಅವರ ಟೂಲಿನ ಟ್ರಂಕು ಅಟ್ಟದ ಮೇಲೆ ಹೋಯಿತು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಾತು ಕಮ್ಮಿ.

ಅಪ್ಪ ಸೀಳಿದ ತುಂಡು ಕೈಗೆತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಇದು ಕೊಯ್ದಿದ್ದಲ್ಲ ಮಾರಾಯ, ಕರಗಿಸಿದ್ದು."

ಸರಿಯಾಗೇ ಹೇಳಿದರು. ಅಕ್ರಿಲಿಕ್ ಸುಮಾರು 105 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗೋಕೆ ಶುರುವಾಗುತ್ತೆ. ಕಬ್ಬಿಣದ ಹಾಗೆ ಶಾಖವನ್ನು ಆಚೆ ಸಾಗಿಸೋದೂ ಇಲ್ಲ, ಉಜ್ಜಿದ ಜಾಗದಲ್ಲೇ ಬಿಸಿ ಕೂರುತ್ತೆ. ನಾನೋ "ನುಣುಪಾಗಿ ಬರಬೇಕಾದರೆ ಸಣ್ಣ ಹಲ್ಲು" ಅಂತ ಲೆಕ್ಕ ಹಾಕಿ, ಇಂಚಿಗೆ 25ಕ್ಕಿಂತ ಹೆಚ್ಚು ಹಲ್ಲಿರೋ ಬ್ಲೇಡು ಹಾಕಿ, ಸ್ಪೀಡನ್ನು ಕೊನೆವರೆಗೆ ತಿರುಗಿಸಿದ್ದೆ. ಅಷ್ಟು ಸಣ್ಣ ಹಲ್ಲಿನ ಸಂದಿಯಲ್ಲಿ ಪುಡಿ ಹೊರಗೆ ಬರೋಕೆ ಜಾಗವೇ ಇಲ್ಲ. ಅಲ್ಲೇ ಸಿಕ್ಕಿಕೊಂಡು, ಕರಗಿ, ಬ್ಲೇಡಿನ ಬೆನ್ನ ಹಿಂದೆ ಗೋಂದಿನ ಹಾಗೆ ಮೆತ್ತಿಕೊಂಡಿತ್ತು.

"ನೈಲಾನ್ ಬುಷ್ ತಿರುವೋವಾಗ ನಮಗೂ ಇದೇ ಕಾಟ. ದೊಡ್ಡ ಚೂರು ಎದ್ದು ಬರಬೇಕು. ಬಿಸಿ ಅದರ ಜೊತೆ ಹೋಗುತ್ತೆ," ಅಂದು ಅಪ್ಪ ಒಳಗೆ ಹೋದರು.

ನಾನು ಬ್ಲೇಡು ಬದಲಾಯಿಸಿದೆ. ಒಂದು ಹಲ್ಲು ಬಿಟ್ಟು ಒಂದು ಹಲ್ಲು ಇರೋ ಥರದ್ದು, ಸ್ಕಿಪ್ ಟೂತ್ ಅಂತಾರೆ, 5ನೇ ನಂಬರು, ಇಂಚಿಗೆ ಹನ್ನೆರಡರ ಆಸುಪಾಸು ಹಲ್ಲು. ಸ್ಪೀಡು ನಿಮಿಷಕ್ಕೆ 600 ಸ್ಟ್ರೋಕಿಗೆ ಇಳಿಸಿದೆ. ಸುಟ್ಟ ವಾಸನೆ ಇಲ್ಲ, ಉಪ್ಪಿನ ಹಾಗೆ ಬಿಳಿ ಪುಡಿ ಉದುರ್ತಿದೆ. ತುಂಡು ತಾನಾಗೇ ಕಳಚಿ ಬಿತ್ತು. ಖುಷಿಯಿಂದ ತಿರುಗಿಸಿ ನೋಡಿದರೆ ಅಂಚೆಲ್ಲ ಹುಳ ತಿಂದ ಎಲೆ!

ಇದು ಕನ್ನಡಿಯದ್ದೇ ತೊಂದರೆ, ಸಾದಾ ಅಕ್ರಿಲಿಕ್ಕಿಗೆ ಇರೋದಿಲ್ಲ. ಹೊಳಪು ಇರೋದು ಹಾಳೆಯ ಬೆನ್ನಿನಲ್ಲಿ. ಅಲ್ಲಿ ತೆಳ್ಳಗೆ ಅಲ್ಯೂಮಿನಿಯಂ ಲೇಪ, ಅದನ್ನು ಕಾಯೋಕೆ ಒಂದು ಪದರ ಬೂದು ಪೇಂಟು. (ಬಂಗಾರದ್ದಕ್ಕೂ ಲೇಪ ಅದೇ ಅಲ್ಯೂಮಿನಿಯಂ, ಬಣ್ಣ ಪ್ಲಾಸ್ಟಿಕ್ಕಿನದ್ದು.) ಸ್ಕ್ರಾಲ್ ಸಾ ಬ್ಲೇಡಿನ ಹಲ್ಲು ಕೆಳಮುಖ. ಮೇಲಿಂದ ಹೊಕ್ಕು ಕೆಳಗೆ ಹೊರಬರುವಾಗ ಆ ಬದಿಯನ್ನು ಸ್ವಲ್ಪ ಕಿತ್ತುಕೊಂಡೇ ಬರುತ್ತೆ. ನಾನು ಹೊಳೆಯೋ ಮುಖ ಮೇಲೆ ಮಾಡಿ ಕೊಯ್ದಿದ್ದೆ, ಬೆನ್ನಿನ ಪೇಂಟು ಚೆಕ್ಕೆ ಚೆಕ್ಕೆಯಾಗಿ ಎದ್ದಿತ್ತು. ಕೊನೆಯ ಕೆಲವು ಹಲ್ಲು ಮೇಲ್ಮುಖವಾಗಿರೋ ಬ್ಲೇಡೂ ಬರುತ್ತೆ. ನನ್ನ ಹತ್ತಿರ ಇರಲಿಲ್ಲ.

ಹಾಗಾಗಿ ಹಾಳೆಯನ್ನು ಮಗುಚಿ ಹಾಕಿದೆ. ಬೂದು ಬೆನ್ನು ಮೇಲೆ. ಅದರ ಮೇಲೆ ಪೇಂಟರುಗಳು ಬಳಸೋ ಮಾಸ್ಕಿಂಗ್ ಟೇಪು, ಅದರ ಮೇಲೆ ಡಿಸೈನಿನ ಕಾಗದ, ಎಲ್ಲದರ ಮೇಲೆ ಪ್ಯಾಕಿಂಗ್ ಟೇಪು. ಪ್ಯಾಕಿಂಗ್ ಟೇಪು ಬ್ಲೇಡಿಗೆ ಚೂರು ಜಾರಿಕೆ ಕೊಡುತ್ತೆ. ಸೀದಾ ಪೇಂಟಿನ ಮೇಲೆ ಮಾತ್ರ ಅದನ್ನು ಅಂಟಿಸಬೇಡಿ, ಕೀಳುವಾಗ ಪೇಂಟೂ ಜೊತೆಗೆ ಬರಬಹುದು. ಮುಖದ ಮೇಲಿನ ಫಿಲ್ಮ್ ಹಾಗೇ ಇರಲಿ, ಕೆಳಗೆ ಒಂದು 3 ಎಂಎಂ ಪ್ಲೈವುಡ್ ಸೇರಿಸಿ ಎರಡನ್ನೂ ಒಟ್ಟಿಗೇ ಕೊಯ್ಯಿ. ಮೆಶಿನ್ನಿನ ಮೇಜಿನ ತೂತಿನ ಮೇಲೆ ಹಾಳೆ ಅಲುಗಾಡೋದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಹಾಕ್ಕೊಳ್ಳಿ ಅಂತ ಬೇರೆ ಹೇಳಬೇಕಾಗಿಲ್ಲ ತಾನೆ?

ಮೊದಲು ಪ್ರಭಾವಳಿಯ ನೆತ್ತಿಗೆ ಅಂಟಿಸೋ "ಶ್ರೀ" ಅಕ್ಷರ ಕೊಯ್ದೆ. ಒತ್ತಲಿಲ್ಲ, ಬ್ಲೇಡು ತಿಂದಷ್ಟು ತಿನ್ನಲಿ ಅಂತ ಬಿಟ್ಟೆ. ತಿರುವಿನಲ್ಲಿ ನಿಲ್ಲಿಸದೆ ಹಾಳೆಯನ್ನು ಮೆಲ್ಲಗೆ ಸುತ್ತಿಸಿದೆ, ನಿಂತ ಜಾಗದಲ್ಲಿ ಬ್ಲೇಡು ಉಜ್ಜಿ ಕರಗಿಸುತ್ತೆ. ಮುಕ್ಕಾಲು ಗಂಟೆ ಹಿಡಿಯಿತು. ಟೇಪು ಕಿತ್ತೆ. ಒಂದು ಚೆಕ್ಕೆ ಎದ್ದಿಲ್ಲ. ಫಿಲ್ಮ್ ಸುಲಿದು, ಬಂಗಾರದ ಹಾಗೆ ಫಳಫಳ ಅನ್ನೋದನ್ನು ಅಡುಗೆಮನೆಗೆ ಒಯ್ದು ಅಮ್ಮನಿಗೆ ತೋರಿಸಿದೆ.

ಅಮ್ಮ ಒಗ್ಗರಣೆ ಸೌಟು ಹಿಡಿದೇ ನೋಡಿದಳು. "ಚೆನ್ನಾಗಿದೆ. ಯಾವ ಭಾಷೆ ಇದು?"

ಬೆನ್ನ ಕಡೆಯಿಂದ ಕೊಯ್ಯೋದಾದರೆ ಡಿಸೈನನ್ನು ತಿರುವುಮುರುವು ಮಾಡಿ ಪ್ರಿಂಟ್ ತೆಗೀಬೇಕು. ಸಾಫ್ಟ್‌ವೇರಿನಲ್ಲಿ ಅದು ಒಂದು ಕ್ಲಿಕ್. ಅದನ್ನೇ ಕೆಲಸ ಮಾಡಿ ಸಂಬಳ ತಗೊಳ್ಳೋ ನಾನು ಮರೆತಿದ್ದೆ. ಅಪ್ಪ ಆ ಅಕ್ಷರ ತಗೊಂಡು ಅತ್ತಿಂದಿತ್ತ ನೋಡಿ ನಕ್ಕರು. ಸಣ್ಣ ನಗು ಅಲ್ಲ, ಕೆಮ್ಮು ಬರೋವಷ್ಟು.

ಸಂಜೆ ಜಾಲರಿಗೆ ತೂತು ಕೊರೆಯೋಕೆ ಕೂತೆ. ಮೂವತ್ತೊಂದು ತೂತು ಬೇಕು. ನಾಲ್ಕನೇದಕ್ಕೇ ಡ್ರಿಲ್ ಬಿಟ್ಟು ಹಾಳೆಯನ್ನು ಗಬಕ್ಕನೆ ಎಳೆದುಕೊಂಡು ನಕ್ಷತ್ರದ ಹಾಗೆ ಬಿರುಕು ಬಿಡಿಸಿತು. ನೋಡ್ತಾ ನಿಂತಿದ್ದ ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಸ್ಟೂಲು ಎಳೆದ ಸದ್ದು. ಆಮೇಲೆ ಅಟ್ಟದ ಮೇಲೆ ಟ್ರಂಕಿನ ಮುಚ್ಚಳದ ಸದ್ದು. ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರೂ ಬಾಯಿ ಬಿಡಲಿಲ್ಲ.

ಅಪ್ಪ ತಂದದ್ದು ಒಂದು ಎಣ್ಣೆಕಲ್ಲು. ಮಧ್ಯ ಸವೆದು ದೋಣಿಯ ಹಾಗಾಗಿದೆ. ಪಂಚೆಯಲ್ಲಿ ಅದರ ಧೂಳು ಒರೆಸಿ, ಎರಡು ತೊಟ್ಟು ಹೊಲಿಗೆ ಮೆಶಿನ್ ಎಣ್ಣೆ ಬಿಟ್ಟು, ಡ್ರಿಲ್ ಬಿಟ್ಟಿನ ತುದಿಯ ಎರಡು ಅಂಚನ್ನೂ ನಾಲ್ಕು ನಾಲ್ಕು ಸಲ ಉಜ್ಜಿದರು. ಚೂಪು ಮಾಡ್ತಿದ್ದಾರೆ ಅಂದ್ಕೊಂಡೆ. ಅಲ್ಲ, ಮೊಂಡು ಮಾಡ್ತಿದ್ದರು.

"ಕಬ್ಬಿಣಕ್ಕೆ ಮಾಡಿದ ಬಿಟ್ಟು ಇದು, ಕೊಕ್ಕೆ ಹಾಕಿ ಎಳೀತದೆ. ಎದುರುಗಡೆ ಇಷ್ಟೇ ಇಷ್ಟು ಚಪ್ಪಟೆ ಮಾಡಿದ್ರೆ ಎಳೆಯಲ್ಲ, ಕೆರೀತದೆ. ಹಿತ್ತಾಳೆಗೂ ಹೀಗೇ. ತೂತು ಮುಗೀತಾ ಬಂತು ಅನ್ನುವಾಗ ಕೈ ಇನ್ನೂ ಹಗುರ ಮಾಡು." ಇಷ್ಟು ಹೇಳಿ ಡ್ರಿಲ್ ನನಗೆ ಕೊಡಲಿಲ್ಲ. ಹಾಳೆಯ ಕೆಳಗೆ ಹಲಗೆ ಇಟ್ಟು ಅವರೇ ಹೊಸ ಹಾಳೆಯ ಮೂವತ್ತೊಂದೂ ತೂತು ಕೊರೆದರು. ಒಂದೂ ಬಿರುಕಿಲ್ಲ. ಮುಗಿಯುವಾಗ ರಾತ್ರಿ ಒಂಬತ್ತೂವರೆ, ಸಾರು ಎರಡು ಸಲ ಬಿಸಿಯಾಗಿತ್ತು.

ಉಳಿದದ್ದಕ್ಕೆ ಮೂರು ಸಂಜೆ. ಒಂದು ಕಿಂಡಿ ಅವರು ಕೊಯ್ದರೆ ಒಂದು ನಾನು. ಅವರು ಕೊಯ್ದದ್ದು ಯಾವುದು ಅಂತ ಈಗಲೂ ಬೆರಳಿಟ್ಟು ತೋರಿಸಬಲ್ಲೆ, ತಿರುವು ಅಷ್ಟು ಸಲೀಸು. ಅಂಚಿಗೆ 400, ಆಮೇಲೆ 800 ನಂಬರಿನ ವಾಟರ್ ಪೇಪರು, ನೀರು ಮುಟ್ಟಿಸಿಕೊಂಡು. ಥಿನ್ನರ್, ಸ್ಪಿರಿಟ್ಟು ಹಾಕಿ ಒರೆಸಿದರೆ ಕೊಯ್ದ ಅಂಚಿನಲ್ಲಿ ಕೂದಲೆಳೆ ಬಿರುಕು ಏಳುತ್ತೆ, ಸೋಪಿನ ನೀರು ಸಾಕು. ಮರದ ಚೌಕಟ್ಟಿಗೆ ಅಂಟಿಸುವಾಗ ವಿನೆಗರ್ ವಾಸನೆ ಬರೋ ಸಿಲಿಕೋನ್ ಬೇಡ, ಅದರ ಹುಳಿ ಬೆನ್ನಿನ ಲೇಪವನ್ನು ತಿನ್ನುತ್ತೆ. ನಾನು ಡಬಲ್ ಸೈಡ್ ಫೋಮ್ ಟೇಪು ಹಾಕಿದೆ.

ಹಬ್ಬದ ಶುಕ್ರವಾರ ಅಮ್ಮ ಕಲಶ ಕೂರಿಸಿ, ಎರಡು ದೀಪದ ಕಂಬಗಳನ್ನು ಪ್ರಭಾವಳಿಗೆ ತಾಗುವಷ್ಟು ಹತ್ತಿರ ಇಟ್ಟಳು. ನಾನು ಬಾಯಿ ತೆರೆಯೋ ಮುಂಚೆ ಅಪ್ಪ, "ಒಂದು ಮೊಳ ಈಚೆ ಇಡೇ, ಅದು ಗಾಜಲ್ಲ, ಸೊಟ್ಟ ಆಗ್ತದೆ, ಹೆಚ್ಚಾದ್ರೆ ಹತ್ತಿಕೊಳ್ತದೆ" ಅಂದರು. ಈಚೆ ಇಟ್ಟ ಮೇಲೆ ಎರಡು ದೀಪ ನಾಲ್ಕಾಗಿ ಕಂಡವು, ಕಿಂಡಿಗಳಿಂದ ಹಿಂದಿನ ಗೋಡೆ ಮೇಲೆ ಬಳ್ಳಿ ಬಿತ್ತು. ಕುಂಕುಮಕ್ಕೆ ಬಂದ ಪಕ್ಕದ ಕ್ವಾರ್ಟರ್ಸಿನ ಆಂಟಿ ಎಲ್ಲಿ ತಗೊಂಡಿದ್ದು ಅಂತ ಕೇಳಿದರು. ಅಮ್ಮ ಅಪ್ಪನ ಕಡೆ ಕೈ ತೋರಿಸಿದಳು. ನನ್ನ ಕಡೆ ಅಲ್ಲ.

ಉಲ್ಟಾ "ಶ್ರೀ"ಯನ್ನು ಬಿಸಾಡೋಕೆ ಅಪ್ಪ ಬಿಡಲಿಲ್ಲ. ಅವರು ಶೇವ್ ಮಾಡಿಕೊಳ್ಳೋ ಕನ್ನಡಿಯ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಅಲ್ಲಿಂದ ನೋಡಿದರೆ ಸರಿಯಾಗಿ ಓದೋಕಾಗುತ್ತೆ. ಟ್ರಂಕು ಇನ್ನೂ ಅಟ್ಟ ಹತ್ತಿಲ್ಲ, ಹಿತ್ತಿಲ ಬಾಗಿಲ ಹತ್ತಿರವೇ ಇದೆ, ದಿನಾ ಬೆಳಗ್ಗೆ ನನ್ನ ಕಾಲಿಗೆ ತಾಗುತ್ತೆ.