ಸೇತುವೆಯ ಜಾತಕ ಯಾರ ಬಳಿ ಇದೆ?

2021ರ ಡಿಸೆಂಬರ್ 25ರಂದು ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯನ್ನು ದಿಢೀರನೆ ಮುಚ್ಚಲಾಯಿತು. ಗೊರಗುಂಟೆಪಾಳ್ಯದಿಂದಾಚೆ ತುಮಕೂರು ರಸ್ತೆಯ ಅಷ್ಟೂ ಸಂಚಾರ ಕೆಳಗಿಳಿಯಿತು. 102 ಮತ್ತು 103ನೇ ಕಂಬಗಳ ನಡುವೆ ಕಾಂಕ್ರೀಟನ್ನು ಬಿಗಿದು ಹಿಡಿಯುವ ಕೇಬಲ್‌ಗಳು ತುಕ್ಕು ತಿಂದು ಹಾಳಾಗಿದ್ದವು. 2010ರಲ್ಲಿ ತೆರೆದ ಸೇತುವೆಗೆ ಅದು ವಯಸ್ಸೇ ಅಲ್ಲ. ಕಾರು, ಬೈಕುಗಳನ್ನು ಎರಡು ತಿಂಗಳೊಳಗೆ ಬಿಟ್ಟರು. ಲಾರಿ, ಬಸ್ಸುಗಳು ಮತ್ತೆ ಹತ್ತಿದ್ದು 2024ರ ಜುಲೈ ಕೊನೆಗೆ. ಅದೂ 240 ಹೊಸ ಕೇಬಲ್ ಸೇರಿಸಿ, ಭಾರ ಪರೀಕ್ಷೆ ಮುಗಿಸಿ, ತಪಾಸಣೆಗಾಗಿ ವಾರಕ್ಕೊಮ್ಮೆ ಶುಕ್ರವಾರ ಅವಕ್ಕೆ ಪ್ರವೇಶವಿಲ್ಲ ಎಂಬ ಷರತ್ತಿನೊಂದಿಗೆ.

ಇಂಥ ಸೇತುವೆಯ ಕೇಬಲ್‌ಗಳು ಕೊಳವೆಗಳೊಳಗೆ ಇರುತ್ತವೆ. ಎಳೆದು ಬಿಗಿದ ಮೇಲೆ ಕೊಳವೆಗೆ ಸಿಮೆಂಟ್ ಹಾಲು ತುಂಬುತ್ತಾರೆ. ಎಲ್ಲಾದರೂ ಟೊಳ್ಳು ಉಳಿದರೆ ನೀರು ಸೇರಿ ತುಕ್ಕು ಶುರು. ಹೊರಗಿನಿಂದ ನೋಡಿದವರಿಗೆ ಸುಣ್ಣ ಬಳಿದ ತೊಲೆಯಷ್ಟೇ ಕಾಣುತ್ತದೆ. ಹೆಬ್ಬಾಳ, ಯಲಹಂಕದಂಥ ಕಡೆ ಸೇತುವೆಗಳಿಗೆ ‘ಡಿಜಿಟಲ್ ಟ್ವಿನ್’, ಅಂದರೆ ಕಂಪ್ಯೂಟರಿನಲ್ಲಿ ಜೀವಂತ ಪ್ರತಿರೂಪ ಬೇಕು ಎನ್ನುವುದು ಇದಕ್ಕೇ. ತುಂಬಿದ ಲಾರಿ ಹಾದಾಗ ತೊಲೆ ಕೆಲವು ಮಿಲಿಮೀಟರ್ ಬಗ್ಗಿ ಮತ್ತೆ ಮೇಲೇಳುತ್ತದೆ, ಮಧ್ಯಾಹ್ನದ ಬಿಸಿಲಿಗೆ ಉದ್ದವಾಗುತ್ತದೆ. ಸೆನ್ಸರ್‌ಗಳು ಇದನ್ನು ಅಳೆದು ಕಳಿಸುತ್ತವೆ. ಅಷ್ಟೇ ಭಾರ, ಅಷ್ಟೇ ಬಿಸಿಲಿಗೆ ಹೋದ ವರ್ಷಕ್ಕಿಂತ ಹೆಚ್ಚು ಬಗ್ಗಿದರೆ ಆ ಅಂಕಣವನ್ನೇ ಮೊದಲು ನೋಡಿ ಎಂದು ಪ್ರತಿರೂಪ ಹೇಳುತ್ತದೆ. ಇಟಲಿಯ ಜಿನೋವಾದಲ್ಲಿ 2018ರಲ್ಲಿ ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತ ಮೇಲೆ, ಅದೇ ಜಾಗದಲ್ಲಿ ಕಟ್ಟಿದ ಹೊಸ ಸೇತುವೆಗೆ ಸೆನ್ಸರ್‌ಗಳನ್ನು ಮೊದಲ ದಿನದಿಂದಲೇ ಕೂರಿಸಿದರು.

ಸೆನ್ಸರ್ ತುಕ್ಕನ್ನು ಮೂಸಿ ನೋಡುತ್ತದೆಯೇ ಎಂದು ಎಂಜಿನಿಯರುಗಳೇ ಕೇಳುತ್ತಾರೆ. ಇಲ್ಲ. ಒಂದೆರಡು ಕೇಬಲ್ ಹೋದರೆ ಕಂಪನದಲ್ಲಿ ಗೊತ್ತೇ ಆಗದಿರಬಹುದು. ಹಾಗಾಗಿ ಏಣಿ ಹತ್ತಿ, ಸುತ್ತಿಗೆಯಿಂದ ತಟ್ಟಿ ನೋಡುವವರನ್ನು ಮನೆಗೆ ಕಳಿಸುವಂತಿಲ್ಲ. ಅವರು ಕಂಡದ್ದೂ ಅದೇ ಪ್ರತಿರೂಪಕ್ಕೆ ಸೇರಬೇಕು. ಹಣದ ಆಕ್ಷೇಪವೂ ಇದೆ. ಎಲ್ಲ ಮೋರಿಗೂ ಸೆನ್ಸರ್ ಯಾರೂ ಕೇಳುತ್ತಿಲ್ಲ. ಬದಲಿ ದಾರಿ ಇಲ್ಲದ ನಾಲ್ಕಾರು ಸೇತುವೆಗಳಿಂದ ಶುರು ಮಾಡಿದರಾಯಿತು. ಎರಡೂವರೆ ವರ್ಷ ಲಾರಿಗಳು ಕೆಳಗಿನ ರಸ್ತೆಯಲ್ಲಿ ಸುಟ್ಟ ಡೀಸೆಲ್ಲೂ ಖರ್ಚೇ ತಾನೆ? ನನಗೆ ನಿಜವಾಗಿ ಅಂಜಿಕೆ ಇರುವುದು ಟೆಂಡರಿನ ಬಗ್ಗೆ. ಉದ್ಘಾಟನೆಯ ದಿನ ಪರದೆ ಬೆಳಗಿ, ನಿರ್ವಹಣೆ ಗುತ್ತಿಗೆ ಮುಗಿದ ದಿನ ಆರಿಹೋಗುವ ಸಾಧ್ಯತೆ ನಮ್ಮಲ್ಲಿ ಕಡಿಮೆಯೇನಲ್ಲ. ದತ್ತಾಂಶ ಗುತ್ತಿಗೆದಾರನದ್ದಲ್ಲ, ಇಲಾಖೆಯದ್ದು ಎಂದು ಕರಾರಿನಲ್ಲೇ ಬರೆಯಬೇಕು. ಎಚ್ಚರಿಕೆ ಬಂದರೆ ಎಷ್ಟು ದಿನದೊಳಗೆ, ಯಾವ ಅಧಿಕಾರಿ ಉತ್ತರಿಸಬೇಕು ಎಂಬುದೂ ಅಲ್ಲಿರಬೇಕು.

ಉತ್ತರ ಬೆಂಗಳೂರಿನಲ್ಲಿ ಈ ಕೊನೆಯ ಮಾತೇ ಕಗ್ಗಂಟು. 2003ರ ಹೆಬ್ಬಾಳ ಮೇಲ್ಸೇತುವೆ ಕಟ್ಟಿದ್ದು ಬಿಡಿಎ. ಅಲ್ಲಿಂದ ಮುಂದಿನ ವಿಮಾನ ನಿಲ್ದಾಣ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು. ಯಲಹಂಕದ ಮೇಲ್ಸೇತುವೆ ಕಟ್ಟಿಸಿದ ಬಿಬಿಎಂಪಿಯೇ 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಪಕ್ಕದಲ್ಲಿ ಮೆಟ್ರೋ ಕಂಬಗಳು ಬೇರೆ. ರಾಷ್ಟ್ರೀಯ ಹೆದ್ದಾರಿ ಸೇತುವೆಗಳ ಎಣಿಕೆಯನ್ನು ಕೇಂದ್ರ 2016ರಲ್ಲೇ ಆರಂಭಿಸಿತು. ಆದರೂ 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೇತುವೆ ನಿಲ್ಲುವುದಿಲ್ಲ. ಹೆಬ್ಬಾಳದಿಂದ ಸುರಂಗ ರಸ್ತೆ ತೋಡಲು ಸಾವಿರಾರು ಕೋಟಿಯ ಲೆಕ್ಕ ಹಾಕುತ್ತಿರುವ ಸರ್ಕಾರ, ಅದಕ್ಕೆ ಮೊದಲು ಹೆಬ್ಬಾಳ ಮೇಲ್ಸೇತುವೆಯ ಮೂಲ ನಕ್ಷೆಯನ್ನೂ ಇದುವರೆಗಿನ ತಪಾಸಣಾ ವರದಿಗಳನ್ನೂ ಒಂದೆಡೆ ಸೇರಿಸಿ ಜನರ ಮುಂದಿಡಲಿ.