ಹಂಚಿನ ಕಾರ್ಖಾನೆ ಮುಚ್ಚಿಸಿದ್ದು ಯಾರು? ಐದು ವಾದಗಳಿಗೆ ಉತ್ತರ

ಕುಂದಾಪುರದ ಹಂಚಿನ ಕಾರ್ಖಾನೆಗಳ ಮಾತು ಎತ್ತಿದರೆ ಸಾಕು, "ಫ್ಯಾಕ್ಟ್ರಿ ಮುಚ್ಸಿದ್ದ್ ಯೂನಿಯನ್ನವ್ರೇ ಅಲ್ದಾ?" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಅದರ ಹಿಂದೆಯೇ ಇನ್ನೂ ನಾಲ್ಕು ವಾದಗಳು ಸಾಲುಗಟ್ಟಿ ಬರುತ್ತವೆ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಈ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿ, ಕುಂದಾಪುರದ ಹೊಳೆಬದಿಗೂ ಬಂದು, ತಲೆಮಾರುಗಳ ಕಾಲ ಅನ್ನ ಕೊಟ್ಟಿತು. ಕಳೆದ ಕೆಲವು ದಶಕಗಳಲ್ಲಿ ಒಂದೊಂದೇ ಚಿಮಣಿಯ ಹೊಗೆ ನಿಂತಿತು. ಅದು ಏಕೆ ನಿಂತಿತು ಎಂಬುದಕ್ಕೆ ಕೊಡುವ ಐದು ಉತ್ತರಗಳನ್ನು ಒಂದೊಂದಾಗಿ ನೋಡೋಣ.

1. "ಸಂಘ ಕಟ್ಟಿ, ಮುಷ್ಕರ ಹೂಡಿ ಕಾರ್ಖಾನೆ ಮುಳುಗಿಸಿದರು"

ಹಂಚಿನ ಕೆಲಸಕ್ಕೆ ಕೈಗಳು ಹೆಚ್ಚು ಬೇಕು. ಮಣ್ಣು ಹೊರುವುದರಿಂದ ಹಿಡಿದು ಒತ್ತಿದ ಹಸಿ ಹಂಚನ್ನು ಒಣಗಲು ಜೋಡಿಸಿ ಗೂಡಿಗೆ ಹಾಕುವವರೆಗೆ ಜನ ಬೇಕೇ ಬೇಕು. ಹಾಗಾಗಿ ಕೂಲಿ ಏರಿದರೆ ಲೆಕ್ಕ ಬಿಗಿಯಾಗುತ್ತದೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕನಿಷ್ಠ ವೇತನ, ತುಟ್ಟಿಭತ್ಯೆಗಳನ್ನು ನಿಗದಿ ಮಾಡುವುದು ರಾಜ್ಯ ಸರ್ಕಾರದ ಅಧಿಸೂಚನೆ. ಸಂಘ ಕೇಳಿದ್ದರಲ್ಲಿ ದೊಡ್ಡ ಪಾಲು ಕಾನೂನು ಆಗಲೇ ಕೊಟ್ಟದ್ದು: ಕನಿಷ್ಠ ವೇತನ, ಬೋನಸ್, ಪಿಎಫ್, ಗ್ರಾಚ್ಯುಟಿ. ಕಾನೂನು ಪಾಲಿಸಿದರೆ ಉಳಿಯದ ಉದ್ಯಮಕ್ಕೆ ಕಾಯಿಲೆ ಬೇರೆಲ್ಲೋ ಇದೆ.

ಇದೇ ವಾದವನ್ನು ಅಮೆರಿಕದಲ್ಲೂ ಹೇಳಿದರು. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಾಕಿದಾಗ ಬೈಗುಳವೆಲ್ಲ ಕಾರು ಕಾರ್ಮಿಕರ ಸಂಘದ ಮೇಲೆ ಬಿತ್ತು. ನಿವೃತ್ತರ ಪಿಂಚಣಿ, ಚಿಕಿತ್ಸೆಯ ವೆಚ್ಚ ಕಂಪನಿಗಳಿಗೆ ಹೊರೆಯಾಗಿದ್ದು ನಿಜ. ಆದರೆ ಅದೇ ಕಾಲದಲ್ಲಿ ಜರ್ಮನಿಯ ಕಾರು ಕಾರ್ಮಿಕರಿಗೆ ಸಿಗುತ್ತಿದ್ದ ಕೂಲಿ ಅಮೆರಿಕದವರದಕ್ಕಿಂತ ಹೆಚ್ಚು. ಅಲ್ಲಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ಕಾರ್ಮಿಕರಿಗೆ ಸಲ್ಲಬೇಕೆಂದು 1976ರಿಂದ ಕಾನೂನೇ ಇದೆ. ಆ ಕಂಪನಿಗಳು ಆಗ ದಿವಾಳಿಯಾಗಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಜಪಾನಿನ ಸಣ್ಣ ಕಾರುಗಳು ಬಂದಾಗ ಎಂಥ ಕಾರು ಮಾಡಬೇಕು ಎಂದು ಅಮೆರಿಕದ ಕಾರು ಉದ್ಯಮದ ಕೇಂದ್ರವಾದ ಡೆಟ್ರಾಯಿಟ್‌ನಲ್ಲಿ ತೀರ್ಮಾನಿಸಿದ್ದು ಆಡಳಿತ ಮಂಡಳಿ. ಬೋಲ್ಟು ತಿರುಗಿಸುವವನನ್ನು ಯಾರೂ ಕೇಳಿರಲಿಲ್ಲ.

ನಮ್ಮ ಬಗಲಲ್ಲೇ ಇನ್ನೊಂದು ಸಾಕ್ಷಿ ಇದೆ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ಸೊರಗಿದ್ದು ಕಬ್ಬಿಲ್ಲದೆ. ಕಬ್ಬಿನ ಗದ್ದೆಗೆ ಬೇಕಿದ್ದ, 1979ರಲ್ಲಿ ಮಂಜೂರಾದ ವಾರಾಹಿ ನೀರಾವರಿ ಯೋಜನೆಯ ನೀರು ಕಾಲುವೆಗೆ ಹರಿದದ್ದು 2015ರಲ್ಲಿ. ಅಷ್ಟರೊಳಗೆ ಕಾರ್ಖಾನೆಗೆ ಬೀಗ ಬಿದ್ದು ವರ್ಷಗಳೇ ಕಳೆದಿದ್ದವು. ಇದಕ್ಕೂ ಸಂಘವೇ ಹೊಣೆಯೇ?

2. "ಜನರಿಗೆ ತಾರಸಿ ಬೇಕಾಯಿತು, ಮಾರುಕಟ್ಟೆ ತೀರ್ಮಾನಿಸಿತು"

ಐದರಲ್ಲಿ ಹೆಚ್ಚು ತೂಕದ ವಾದ ಇದೇ. ಪಕ್ಕಾಸು, ರೀಪಿನ ಮರ ತುಟ್ಟಿಯಾಯಿತು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹಂಚು ಕೈಯಾಡಿಸುವ ಆಳು ಸಿಗದಾಯಿತು. ಮಂಗಗಳ ಕಾಟ ಬೇರೆ. ಮುಂಬೈ, ಬೆಂಗಳೂರಿನಲ್ಲಿ ದುಡಿದು ಬಂದ ಮಗ ಮೊದಲು ಕಟ್ಟಿಸುವುದು ತಾರಸಿ ಮನೆ. ಬೇಡಿಕೆ ಕುಸಿಯಿತು, ಒಪ್ಪೋಣ.

ಆದರೆ ಬೇಡಿಕೆ ಕುಸಿದಾಗ ಉದ್ಯಮ ಏನು ಮಾಡಿತು ಎಂಬ ಪ್ರಶ್ನೆ ಉಳಿಯುತ್ತದೆ. ಗುಜರಾತಿನ ಮೋರ್ಬಿಯವರೂ ಒಂದು ಕಾಲದಲ್ಲಿ ಮಾಡಿನ ಹಂಚು ಮಾಡುತ್ತಿದ್ದವರೇ. ಕಾಲ ಬದಲಾದಾಗ ಅವರು ಗೋಡೆಯ, ನೆಲದ ಟೈಲ್ಸಿಗೆ ಹೊರಳಿದರು. ಇಂದು ದೇಶದ ಸೆರಾಮಿಕ್ ಟೈಲ್ಸಿನ ಬಹುಪಾಲು ಅಲ್ಲಿಂದ ಬರುತ್ತದೆ, ನಮ್ಮ ತಾರಸಿ ಮನೆಗಳ ನೆಲಕ್ಕೆ ಹಾಸುವುದೂ ಅದನ್ನೇ. ಅಲ್ಲಿನ ವಲಸೆ ಕಾರ್ಮಿಕರ ಪಾಡನ್ನು ಹೊಗಳಲಾರೆ. ಆದರೆ ಮಣ್ಣು ಸುಡುವ ವಿದ್ಯೆಗೆ ಮಾರುಕಟ್ಟೆ ಮುಗಿದಿರಲಿಲ್ಲ ಎಂಬುದನ್ನಂತೂ ಮೋರ್ಬಿ ತೋರಿಸಿತು. ಹೊಸ ಯಂತ್ರ, ಹೊಸ ಒಲೆ, ಹೊಸ ಮಾಲು ಇವಕ್ಕೆ ಬಂಡವಾಳ ಹೂಡುವ ಅಧಿಕಾರ ಮಣ್ಣು ಹೊರುವವಳ ಕೈಯಲ್ಲಿ ಇರಲಿಲ್ಲ.

ಮಾರುಕಟ್ಟೆ ಎನ್ನುವುದರಲ್ಲಿ ಸರ್ಕಾರವೂ ಒಬ್ಬ ದೊಡ್ಡ ಗಿರಾಕಿ. ಕರಾವಳಿಯ ಹಳೆಯ ಸರ್ಕಾರಿ ಶಾಲೆಗಳದ್ದು ಹಂಚಿನ ಮಾಡು. ಹೊಸ ಕೊಠಡಿಗಳಿಗೆಲ್ಲ ಕಾಂಕ್ರೀಟ್. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ತಾರಸಿ ಸೋರುತ್ತದೆಂದು ಅದರ ಮೇಲೆ ಮತ್ತೆ ತಗಡಿನ ಶೀಟು ಹೊದಿಸುತ್ತಿದ್ದೇವೆ. ಕೊನೆಗೂ ನಮಗೆ ಇಳಿಜಾರು ಮಾಡೇ ಬೇಕಾಯಿತು!

3. "ಗದ್ದೆಯ ಮಣ್ಣು, ಕಾಡಿನ ಸೌದೆ ತಿನ್ನುವ ಉದ್ಯಮ ಹೋದದ್ದೇ ಒಳ್ಳೆಯದು"

ಮಣ್ಣು ತೆಗೆದ ಗದ್ದೆಗಳು ಹೊಂಡಗಳಾದದ್ದು ಸುಳ್ಳಲ್ಲ. ಸೌದೆ ಸುಟ್ಟದ್ದೂ ಹೌದು. ಆದರೆ ಹಂಚಿನ ಜಾಗಕ್ಕೆ ಬಂದ ಕಾಂಕ್ರೀಟ್ ಏನು ತಿನ್ನುತ್ತದೆ? ಸಿಮೆಂಟಿಗೆ ಸುಣ್ಣದ ಕಲ್ಲು, ಜಲ್ಲಿಗೆ ಗುಡ್ಡ, ಮರಳಿಗೆ ಹೊಳೆ. ನಮ್ಮ ಹೊಳೆಗಳ ಮರಳಿಗಾಗಿ ನಡೆಯುವ ಜಗಳ ಯಾರಿಗೆ ಗೊತ್ತಿಲ್ಲ? ಒಂದರ ಗಾಯ ಎಣಿಸಿ ಇನ್ನೊಂದರದ್ದನ್ನು ಬಿಟ್ಟರೆ ಅದು ಪರಿಸರದ ಲೆಕ್ಕವಾಗುವುದಿಲ್ಲ.

ನಿಯಮ ಬಿಗಿಯಾದರೆ ಉದ್ಯಮ ಸಾಯಲೇಬೇಕೆಂದೂ ಇಲ್ಲ. ಮೋರ್ಬಿಯ ಕಲ್ಲಿದ್ದಲು ಅನಿಲ ಘಟಕಗಳನ್ನು ಮುಚ್ಚಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಆದೇಶಿಸಿತು. ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಹೊರಳಿದವು, ಬಾಗಿಲು ಹಾಕಲಿಲ್ಲ.

4. "ಕೆಲಸ ಹೋದವರು ಮುಂಬೈ, ಬೆಂಗಳೂರು ಸೇರಿದರು, ಊರಿಗೇನೂ ನಷ್ಟವಿಲ್ಲ"

ಹೋದವರು ಯಾರು? ಬೈಂದೂರು, ಕುಂದಾಪುರದ ಹುಡುಗರು ಹೋಟೆಲು, ಬೇಕರಿಗಳಿಗೆ ಹೋದರು, ನಿಜ. ಆದರೆ ಅವರು ಕಾರ್ಖಾನೆ ಇದ್ದಾಗಲೂ ಹೋಗುತ್ತಿದ್ದರು. ಇಪ್ಪತ್ತು ವರ್ಷ ತಲೆಯ ಮೇಲೆ ಮಣ್ಣು ಹೊತ್ತ ಹೆಂಗಸು ಐವತ್ತರ ವಯಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಏನು ಮಾಡಬೇಕು? ಅವಳಿಗೆ ಉಳಿದದ್ದು ಬೀಡಿ ಕಟ್ಟುವುದು, ಗೇರುಬೀಜದ ಕಾರ್ಖಾನೆ, ಇಲ್ಲವೇ ಮನೆ. ಪಿಎಫ್ ಪಿಂಚಣಿಗೆ ಸರ್ಕಾರ 2014ರಲ್ಲಿ ನಿಗದಿ ಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಔಷಧಿಗೇ ಅದು ಸಾಲದು.

ಕಾರ್ಖಾನೆಯ ಜೊತೆಗೆ ಮಣ್ಣು, ಸೌದೆ ಸಾಗಿಸುವ ಲಾರಿಯವರು, ಗೇಟಿನ ಎದುರಿನ ಚಾದಂಗಡಿ, ಶನಿವಾರದ ಬಟವಾಡೆ ನಂಬಿದ್ದ ಜಿನಸಿ ಅಂಗಡಿ ಎಲ್ಲಕ್ಕೂ ಪೆಟ್ಟು ಬಿತ್ತು. ಡೆಟ್ರಾಯಿಟ್‌ನಲ್ಲಿ ಇದೇ ದೊಡ್ಡದಾಗಿ ನಡೆಯಿತು. 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದ ನಗರದಲ್ಲಿ 2020ರ ಹೊತ್ತಿಗೆ 6.4 ಲಕ್ಷ ಉಳಿದರು. 2013ರ ಜುಲೈನಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಕುಂದಾಪುರ ಹಾಗಾಗಲಿಲ್ಲ, ಪೇಟೆ ಬೆಳೆಯಿತು ಎನ್ನುವಿರಿ. ಹೌದು, ಹೊರಗಿನ ದುಡ್ಡು ಬಂತು. ಆದರೆ ಆ ದುಡ್ಡು ಬರುವುದು ಹೊರಗೆ ದುಡಿಯುವ ಮಗನಿರುವ ಮನೆಗೆ. ಕಾರ್ಖಾನೆಯ ಕೂಲಿ ಬರುತ್ತಿದ್ದುದು ಊರಲ್ಲೇ ದುಡಿಯುವ ಹೆಂಗಸಿನ ಕೈಗೆ. ಒಂದು ಇನ್ನೊಂದರ ನಷ್ಟವನ್ನು ತುಂಬುವುದಿಲ್ಲ.

5. "ಹಾಗಾದರೆ ತೆರಿಗೆ ಹಣ ಸುರಿದು ಉಳಿಸಬೇಕಿತ್ತೇ?"

ಇಲ್ಲ. ಹಾಗೆಂದು ಸುರಿದವರೆಲ್ಲ ಮೂರ್ಖರೂ ಅಲ್ಲ. ಜನರಲ್ ಮೋಟರ್ಸ್‌ಗೆ ಅಮೆರಿಕ ಸರ್ಕಾರ ಸುಮಾರು 5,000 ಕೋಟಿ ಡಾಲರ್ ಕೊಟ್ಟು, ಶೇರು ಮಾರಿದ ಮೇಲೆ ಸುಮಾರು 1,100 ಕೋಟಿ ಡಾಲರ್ ಕಳೆದುಕೊಂಡಿತು. ಕಂಪನಿ ಉಳಿಯಿತು, ಜೊತೆಗೆ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳ ಸರಪಳಿಯೂ ಉಳಿಯಿತು. ಅಷ್ಟು ದೊಡ್ಡ ಚೀಲ ನಮ್ಮಲ್ಲಿ ಯಾರೂ ಕೇಳುತ್ತಿಲ್ಲ.

ಕೇಳುವುದು ಇಷ್ಟೇ. ಕಾರ್ಖಾನೆ ನಿಂತ ಮೇಲೂ ಜಾಗ ಇರುತ್ತದೆ, ಹೊಳೆಬದಿ, ಹೆದ್ದಾರಿ ಬದಿಯ ಜಾಗಕ್ಕೆ ಬೆಲೆಯೂ ಇರುತ್ತದೆ. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯಡಿ ಮುಚ್ಚುಗಡೆ ಪರಿಹಾರ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳವಾಗಿತ್ತು. 1972ರ ಕಾಯ್ದೆಯ ಗ್ರಾಚ್ಯುಟಿಯೂ ವರ್ಷಕ್ಕೆ 15 ದಿನದ ಸಂಬಳವಾಗಿತ್ತು. ಇದು ದಾನವಲ್ಲ, ಬಾಕಿ. ಆದರೆ ಕಾನೂನಿನ ಗಾಳಿ ಬೀಸುತ್ತಿರುವುದು ಬೇರೆ ಕಡೆಗೆ: ಮುಚ್ಚಲು ಸರ್ಕಾರದ ಅನುಮತಿ ಬೇಕಾದ ಕಾರ್ಖಾನೆಯ ಮಿತಿ ಹಿಂದೆ 100 ಕಾರ್ಮಿಕರಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಅದನ್ನು 300ಕ್ಕೆ ಏರಿಸಿತು. ಅಷ್ಟು ಕಾರ್ಮಿಕರಿಲ್ಲದ ಕಾರ್ಖಾನೆಗೆ ಇನ್ನು ಬೀಗ ಹಾಕಲು ಆ ಅನುಮತಿಯ ತಡೆಯೂ ಇಲ್ಲ.

ಆದ್ದರಿಂದ ಮೂರು ಕೆಲಸ ಆಗಲಿ. ನಿಂತ ಕಾರ್ಖಾನೆಯ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವ ಮುನ್ನ ಕಾರ್ಮಿಕರ ಬಾಕಿ ತೀರಿದ ದಾಖಲೆ ಕೇಳಲಿ. ಉಡುಪಿ ಜಿಲ್ಲೆಯ ಹೊಸ ಶಾಲೆ, ಅಂಗನವಾಡಿ, ಬಸ್ ತಂಗುದಾಣಗಳಲ್ಲಿ ಒಂದಷ್ಟಕ್ಕಾದರೂ ಹಂಚಿನ ಮಾಡು ಹೊದಿಸಲಿ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ ಏರಲಿ. ಇವು ಮೂರಕ್ಕೂ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನಪ್ರತಿನಿಧಿಗಳು ದನಿಗೂಡಿಸಲಿ. ಮುಚ್ಚಿದ್ದು ಯಾರು ಎಂದು ಕಾರ್ಮಿಕರತ್ತ ಬೆರಳು ತೋರಿಸುವವರು ಮೊದಲು ಅವರ ಬಾಕಿ ಯಾರು ಕೊಡಬೇಕೆಂದು ಹೇಳಲಿ.