ಬೆಟ್ಟಕ್ಕೆ ಕಡ್ಡಿ ಗೀರುವ ಮುಂಚೆ

ಕಳೆದ ಮಾಗಿಯಲ್ಲಿ ಹುರುಳಿ ಕೀಳುತ್ತಿದ್ದೆವು. ಬೆಂಗಳೂರಿನ ಇಬ್ಬರು ಹುಡುಗರು ಕೊರಳಿಗೆ ದುರ್ಬೀನು ಹಾಕಿಕೊಂಡು ಬದುವಿನ ಮೇಲೆ ಬಂದು ನಿಂತರು. "ಯಜಮಾನ್ರೇ, ಬೆಟ್ಟಕ್ಕೆ ದಾರಿ ಯಾವುದು?" ಅಂದರು. ಮುಳಬಾಗಿಲು ಸೀಮೆಯ ನಮ್ಮ ಕಲ್ಲುಗುಡ್ಡ ನೋಡೋಕೆ ಬರೋರು ಯಾರು ಸ್ವಾಮಿ? ಕುತೂಹಲಕ್ಕೆ ನಾನೂ ಜೊತೆಗೆ ಹೋದೆ.

ಗುಂಡುಕಲ್ಲುಗಳ ಮಧ್ಯೆ ಒಂದು ಗಂಟೆ ಕೂತೆವು. ಆಮೇಲೆ ಹಕ್ಕಿ ಬಂತು. ಮೊದಲು ನಮ್ಮ ಪಿಗಿಲಿ ಪಿಟ್ಟ ಅಂದುಕೊಂಡೆ. ಅಲ್ಲ. ಪಿಗಿಲಿಗೆ ತಲೆ ಕಪ್ಪು, ಜುಟ್ಟು ಇರುತ್ತೆ, ಬಾಲದ ಬುಡ ಕೆಂಪು. ಇದಕ್ಕೆ ಜುಟ್ಟಿಲ್ಲ. ತಲೆ, ಗಂಟಲು, ಬಾಲದ ಬುಡ ಎಲ್ಲಾ ಹಳದಿ. ಮೈ ಬೂದು, ರೆಕ್ಕೆ ಪಾಚಿ ಬಣ್ಣ. ಹಳದಿ ಕೊರಳಿನ ಪಿಕಳಾರ ಅಂತ ಹೆಸರು ಹೇಳಿದರು. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಕುರುಚಲು ಕಾಡು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲವಂತೆ. ನಂದಿಬೆಟ್ಟದಲ್ಲಿದೆ, ರಾಮನಗರದ ಬೆಟ್ಟಗಳಲ್ಲಿದೆ, ಗಡಿಯಾಚೆ ಹಾರ್ಸ್‌ಲಿ ಬೆಟ್ಟದಲ್ಲಿದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೂ ಇದೆ.

ಐವತ್ತು ವರ್ಷ ಅದೇ ಬೆಟ್ಟದಲ್ಲಿ ಕುರಿ ಕಾಯ್ದವನು ನಾನು. ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಹುಡುಗರು ಕೇಳಿದರು, "ಆ ಕಡೆ ಮಗ್ಗುಲು ಯಾಕೆ ಬೋಳಾಗಿದೆ?" ನಾನು ಮಾತಾಡಲಿಲ್ಲ. ಮೂರು ವರ್ಷದ ಹಿಂದೆ ಶಿವರಾತ್ರಿ ಕಳೆದ ಮೇಲೆ ಅಲ್ಲಿ ಕಡ್ಡಿ ಗೀರಿದವನು ನಾನೇ. ಸುಟ್ಟರೆ ಮೊದಲ ಮಳೆಗೆ ಎಳೇ ಹುಲ್ಲು ಬರುತ್ತೆ ಅಂತ. ಬಂತು, ನಿಜ. ಕುರಿಗೆ ಒಂದೂವರೆ ತಿಂಗಳು ಆಯಿತು. ಆದರೆ ಕಾರೆ, ಕವಳಿ, ಬಾರೆ ಪೊದೆ ಸುಟ್ಟುಹೋದವು. ಹಿಡಿದು ನಿಲ್ಲಿಸೋ ಬೇರಿಲ್ಲದೆ ಮಣ್ಣು ಜಾರಿ ಕೆಳಗಿನ ನನ್ನ ಕುಂಟೆ ಅರ್ಧ ತುಂಬಿತು. ಹೂಳು ತೆಗೆಸಿದ ಖರ್ಚು ಹುಲ್ಲಿನ ಲಾಭಕ್ಕಿಂತ ಜಾಸ್ತಿ. ಈ ಹಕ್ಕಿಗೂ ಅದೇ ಪೊದೆಯ ಹಣ್ಣು, ಹುಳ ಬೇಕು. ತಿಂದ ಹಣ್ಣಿನ ಬೀಜ ಬೇರೆ ಕಡೆ ಹಾಕಿ ಪೊದೆ ಬೆಳೆಸೋದೂ ಇಂಥ ಹಕ್ಕಿಗಳೇ. ನಾವು ಕೂಲಿ ಕೊಟ್ಟು ಬಂಡೆ ಸಂದಿನಲ್ಲಿ ಗಿಡ ನೆಡಿಸೋಕಾಗುತ್ತಾ?

ಕಲ್ಲು ಕ್ವಾರಿಯವರು ಬೆಟ್ಟ ನುಂಗಿದರು ಅಂತ ಬೈತೀವಿ. ಬೈಯಲೇಬೇಕು. ಆದರೆ ಕ್ವಾರಿ ನಿಲ್ಲಿಸೋದು ನಮ್ಮ ಕೈಲಿಲ್ಲ, ಬೆಂಕಿಪೊಟ್ಟಣ ನಮ್ಮ ಜೇಬಲ್ಲೇ ಐತೆ. ಹುಲ್ಲು ಬೇಕಾದರೆ ಮಾಗಿಯಲ್ಲೇ ಕುಡುಗೋಲಲ್ಲಿ ಕೊಯ್ದು ಬಣವೆ ಹಾಕಬಹುದು. ಮೈ ನೋಯುತ್ತೆ, ಅಷ್ಟೆ.

(ಬೆಟ್ಟದ ಹೆಸರು ಬರೆದಿಲ್ಲ. ಫೋಟೋದವರು ಗುಂಪು ಕಟ್ಟಿಕೊಂಡು ಬಂದು ಗೂಡಿನ ಹತ್ತಿರ ಗಲಾಟೆ ಮಾಡೋದು ಬೇಡ.)

ಈ ಸಲ ಶಿವರಾತ್ರಿಗೆ ಮುಂಚೆ ಊರಿನ ಕುರಿಯವರನ್ನೆಲ್ಲಾ ಅರಳಿಕಟ್ಟೆಗೆ ಕರೆದಿದ್ದೀನಿ. ಇಬ್ಬರು ಒಪ್ಪಿದ್ದಾರೆ. ನಮ್ಮ ಭಾವ ಮಾತ್ರ, "ಪಿಟ್ಟ ನೋಡಿ ಹೊಟ್ಟೆ ತುಂಬುತ್ತೇನಯ್ಯಾ?" ಅಂತಾನೆ. ಅವನಿಗೆ ಕುಂಟೆ ತೋರಿಸಬೇಕು.